ಹೋದ ವರ್ಷದ ಹೂವು ತೋರಿಸಿ ಈ ವರ್ಷ ರೂಮ್ ತುಂಬಿಸಿದ್ದು: ನನ್ನ ಅನುಭವ

ಕೊಡಗಿನ ಹೋಂಸ್ಟೇ, ಹೋಟೆಲ್‌ಗಳಿಗೆ ರೀಲ್ ಮಾಡಿಕೊಡುವುದು ನನ್ನ ಕೆಲಸ. ಕಾಫಿ ಹೂವು ಬೆಳ್ಳಗೆ ನಿಲ್ಲುವುದು ಎರಡು-ಮೂರು ದಿನ ಅಷ್ಟೇ. ಮೊದಲ ಮೂರು ವರ್ಷ ನಾನೂ ಎಲ್ಲರ ಹಾಗೆ ಹೂವಿನ ಹಿಂದೆ ಓಡಿದೆ. ಅರಳಿದ ಬೆಳಿಗ್ಗೆ ಶೂಟ್, ರಾತ್ರಿ ಎಡಿಟ್, ಮಾರನೇ ದಿನ ಕ್ಲೈಂಟಿಗೆ ಕಳಿಸುವುದು. ಅವರು "ಹೋಂಸ್ಟೇ ಹೆಸರು ಸ್ವಲ್ಪ ದೊಡ್ಡದು ಮಾಡು" ಅನ್ನುವುದು. ಅದನ್ನೆಲ್ಲ ಸರಿ ಮಾಡಿ ರೀಲ್ ಹಾಕುವ ಹೊತ್ತಿಗೆ ತೋಟದಲ್ಲಿ ಹೂವು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಲೈಕ್ ಏನೋ ಬರುತ್ತಿತ್ತು. ಬೆಂಗಳೂರಿನಿಂದ ಫೋನೂ ಬರುತ್ತಿತ್ತು, "ಈ ಶನಿವಾರ ಬಂದ್ರೆ ನೋಡೋಕೆ ಸಿಗುತ್ತಾ?" ಅಂತ. ಎಲ್ಲಿ ಸಿಗುತ್ತೆ, ಬರೀ ಎಲೆ.

ಈಗ ಉಲ್ಟಾ ಮಾಡುತ್ತೇನೆ. ಈ ವರ್ಷ ತೆಗೆದದ್ದು ಮುಂದಿನ ವರ್ಷಕ್ಕೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ಸಂಜೆಯೇ ಹೋದ ವರ್ಷದ ಹೂವಿನ ರೀಲ್ ಹೋಗುತ್ತದೆ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಹೂವು ಅರಳುತ್ತದೆ. ರಜೆ ಕೇಳೋಕೆ, ರೂಮ್ ಬುಕ್ ಮಾಡೋಕೆ ಅಷ್ಟು ದಿನ ಧಾರಾಳ ಸಾಕು.

ಹೇಳೋಕೆ ಎರಡು ಸಾಲು. ಒಪ್ಪಿಸೋಕೆ ಎರಡು ವರ್ಷ ಹಿಡಿಯಿತು. ನಾಪೋಕ್ಲು ಕಡೆಯ ಹೋಂಸ್ಟೇ ಅಂಕಲ್ ಒಬ್ಬರು ಮುಖಕ್ಕೇ ಕೇಳಿದರು: "ಅಲ್ಲ ಮಾರಾಯ, ಮುಂದಿನ ವರ್ಷ ಹಾಕೋ ವಿಡಿಯೋಗೆ ಈಗ್ಲೇ ಯಾಕೆ ದುಡ್ಡು ಕೊಡ್ಬೇಕು? ಅಷ್ಟೊತ್ತಿಗೆ ನೀನು ಈ ಕೆಲಸದಲ್ಲೇ ಇರ್ತೀಯೋ ಇಲ್ವೋ!" ನ್ಯಾಯವೇ. ಮಡಿಕೇರಿಯಲ್ಲಿ ನನ್ನ ಜೊತೆಗೇ ಕ್ಯಾಮೆರಾ ಹಿಡಿದ ಗೆಳೆಯನೂ ನಕ್ಕ. ತಿಂಗಳಿಗೊಂದು ದಿನ ಶೂಟ್, ಎಂಟು ರೀಲ್, ಕೈಗೆ ಕಾಸು, ಅದು ಅವನ ಲೆಕ್ಕ. ನನ್ನದೂ ಅದೇ ಇತ್ತು, ದಿನಕ್ಕೆ ಆರೇಳು ಸಾವಿರ. ಆದರೆ ನಮ್ಮೂರಿನಲ್ಲಿ "ಪ್ರತಿ ತಿಂಗಳು ಐದನೇ ತಾರೀಕು" ಅಂತ ಬರೆದುಕೊಂಡರೆ ಜುಲೈ ಐದಕ್ಕೆ ಮರ ಬಿದ್ದು ರಸ್ತೆ ಬಂದ್, ಕರೆಂಟ್ ಹೋಗಿ ಮೂರು ದಿನ. ಡಿಸೆಂಬರ್ ಐದಕ್ಕೆ ಮನೆಯವರೆಲ್ಲ ಕಾಫಿ ಕೊಯ್ಲಿನಲ್ಲಿ. ಆ ಲೆಕ್ಕದಲ್ಲಿ ನಾನು ಒಂದೇ ವರ್ಷ ಸುಮಾರು ಹತ್ತು ಶೂಟ್ ಮುಂದೂಡಿದ್ದೆ. ಪೆಟ್ರೋಲ್ ನನ್ನದೇ ಹೋಯಿತು.

ಮೊದಲ ಸಲ ಮಾಡಿದಾಗ ಮರ್ಯಾದೆಯೂ ಹೋಯಿತು. ಮಳೆ ಬಂತು ಅಂದ ತಕ್ಷಣ ಖುಷಿಯಲ್ಲಿ ಹಳೇ ರೀಲ್ ಹಾಕಿಬಿಟ್ಟೆ. ಎಷ್ಟು ಬಂತು ಅಂತ ಕೇಳಲೇ ಇಲ್ಲ. ಬಂದದ್ದು ಮೂವತ್ತು ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು ಮಳೆ). ಅಷ್ಟಕ್ಕೆ ಮೊಗ್ಗು ಸರಿಯಾಗಿ ಬಿಡುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ. ತೋಟದವರಿಗೆಲ್ಲ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು, ಆ ಹೊತ್ತಿಗೆ ತಲೆಗೆ ಬರಲಿಲ್ಲ. ನಾಲ್ಕು ಜನ ಬಂದರು, ಹಸಿರು ಗಿಡ ನೋಡಿದರು, ದುಡ್ಡು ವಾಪಸ್ ಕೇಳಿದರು. ಅರ್ಧ ನಾನು ಕೊಟ್ಟೆ, ನಾಲ್ಕು ಸಾವಿರದ ಹತ್ತಿರ. ಆಮೇಲೆ ಎರಡು ನಿಯಮ ಮಾಡಿಕೊಂಡೆ. ಮಳೆ ಅಳತೆಯಲ್ಲಿ ಒಂದು ಇಂಚು ದಾಟದೆ ಪೋಸ್ಟ್ ಇಲ್ಲ. ಮತ್ತೆ, ವಿಡಿಯೋ ಮೇಲೆ "ಹೋದ ವರ್ಷದ ಹೂವು" ಅಂತ ದಪ್ಪಕ್ಷರದಲ್ಲಿ ಇರಲೇಬೇಕು. ಹಾಗೆ ಬರೆದರೆ ಯಾರು ನೋಡ್ತಾರೆ ಅಂತ ಕೆಲವರು ಅಂದರು. ಬರೆದ ಮೇಲೆಯೇ ಜಾಸ್ತಿ ಫೋನ್ ಬಂದದ್ದು. "ಈ ವರ್ಷದ್ದು ಯಾವಾಗ?" ಅಂತ ಅವರೇ ಕೇಳುತ್ತಾರೆ.

ಸಿದ್ದಾಪುರ, ಪಾಲಿಬೆಟ್ಟ ಕಡೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ತೋಟಗಳಿವೆ. ಅಲ್ಲಿ ಆಕಾಶ ನೋಡುವುದೇ ಬೇಡ. ಪೈಪ್ ಯಾವ ಬ್ಲಾಕಿಗೆ ಯಾವತ್ತು ಬಂತು ಅಂತ ರೈಟರ್ (ತೋಟದ ಲೆಕ್ಕ ಬರೆಯುವವರು) ಹತ್ತಿರ ಕೇಳಿದರೆ ಹೂವಿನ ದಿನ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ನನ್ನ ಫೋನಿನಲ್ಲಿ ಈಗ ಹನ್ನೆರಡು ತೋಟದ ರೈಟರ್‌ಗಳ ನಂಬರ್ ಇದೆ. ಅದನ್ನು ಮಾತ್ರ ಕೇಳಬೇಡಿ, ಆ ಲಿಸ್ಟ್ ಮಾಡೋಕೆ ಎಷ್ಟು ಟೀ ಕುಡಿದಿದ್ದೇನೆ ಅಂತ ನನಗೇ ಗೊತ್ತು. ಇನ್ನೊಂದು ಉಪಯೋಗವೂ ಇದೆ. ಆ ಕಡೆ ಬೆಳಿಗ್ಗೆ ಐದೂವರೆಗೆ ತೋಟಕ್ಕೆ ಇಳಿಯುವ ಮುಂಚೆ ಆನೆ ಎಲ್ಲಿದೆ ಅಂತ ಕೇಳಲೇಬೇಕು. ಒಮ್ಮೆ ಕೇಳದೆ ಇಳಿದಿದ್ದೆ. ಗಿಂಬಲ್ (ಕ್ಯಾಮೆರಾ ಅಲ್ಲಾಡದಂತೆ ಹಿಡಿಯುವ ಸ್ಟ್ಯಾಂಡ್) ಅಲ್ಲೇ ಬಿಟ್ಟು ಓಡಿ ಬಂದೆ. ಗಿಂಬಲ್‌ಗೆ ಏನೂ ಆಗಿರಲಿಲ್ಲ, ಆನೆಗೆ ಅದು ಬೇಕಾಗಿರಲಿಲ್ಲ.

ಹೂವಿನ ಶೂಟಿಗೆ ಹೆಚ್ಚು ಹೇಳುವುದಿಲ್ಲ. ಬಿಸಿಲು ಬಿದ್ದರೆ ಬಿಳಿ ಸುಟ್ಟು ಹೋಗುತ್ತದೆ, ಎಕ್ಸ್‌ಪೋಶರ್ ಇಳಿಸಿಕೊಳ್ಳಿ, ಸಿಲ್ವರ್ ಓಕ್ ನೆರಳು ಚುಕ್ಕೆ ಚುಕ್ಕೆ ಬೀಳುವ ಮುಂಚೆ ಮುಗಿಸಿ. ಮೊಗ್ಗು ಅರಳುವುದನ್ನು ಟೈಮ್‌ಲ್ಯಾಪ್ಸ್ ಮಾಡಬೇಕು ಅಂತ ಒಂದು ಹುಚ್ಚು ಇತ್ತು. ರಾತ್ರಿಯಿಡೀ ಎಲ್‌ಇಡಿ ಹಚ್ಚಿ ಕೂತೆ. ಊರಿನ ಹುಳ ಎಲ್ಲಾ ಲೈಟಿಗೆ ಬಂತು. ಎರಡು ಗಂಟೆಗೆ ಬ್ಯಾಟರಿ ಸತ್ತಿತು. ಮಾರನೇ ವರ್ಷ ಪವರ್ ಬ್ಯಾಂಕ್ ಕಟ್ಟಿದೆ, ಗಾಳಿಗೆ ಕೊಂಬೆ ಅಲ್ಲಾಡಿ ಅದೂ ಹಾಳಾಯಿತು. ಮೂರನೇ ವರ್ಷ ಕೊಂಬೆಯನ್ನೇ ಮುರಿದು ಬಾಟಲಿ ನೀರಿಗೆ ಹಾಕಿ ಮನೆಯೊಳಗೆ ಇಟ್ಟೆ. ಅರಳಿತು, ಚೆನ್ನಾಗಿಯೂ ಬಂತು. ಆ ರೀಲಿಗೆ ಬಂದ ವ್ಯೂ ಎಂಟುನೂರು. ಅಮ್ಮ ಅಡುಗೆಮನೆ ಕಿಟಕಿಯಿಂದ ಫೋನಿನಲ್ಲಿ ತೆಗೆದ ಮಳೆಗೆ ನಲವತ್ತು ಸಾವಿರ.

ಮಳೆಗಾಲವೇ ಈ ಲೆಕ್ಕದ ನಿಜವಾದ ಲಾಭ. ಮಳೆ ನೋಡೋಕೆ ಬರುವವರು ಮೇ ಕೊನೆಗೇ ಹುಡುಕೋಕೆ ಶುರು ಮಾಡುತ್ತಾರೆ. ಆಗ ನಮ್ಮ ಹತ್ತಿರ ಇರುವುದು ಒಣಗಿದ ಹುಲ್ಲು, ಸಣ್ಣಗೆ ಹರಿಯುವ ಅಬ್ಬಿ. ಅದಕ್ಕೇ ಈ ಜುಲೈಯಲ್ಲಿ ಮುಂದಿನ ಮೇ ತಿಂಗಳ ಶೂಟ್. ಫೋಲ್ಡರ್‌ಗಳಿಗೆ ತಾರೀಕಿನ ಬದಲು ಮಳೆ ನಕ್ಷತ್ರದ ಹೆಸರಿಟ್ಟಿದ್ದೇನೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ತಮಾಷೆಗೆ ಶುರು ಮಾಡಿದ್ದು. ಈಗ ಕ್ಲೈಂಟ್‌ಗಳೇ "ಆ ಪುಷ್ಯದ ಮಂಜು ಹಾಕು" ಅನ್ನುತ್ತಾರೆ. ಹಾಡು ಮಾತ್ರ ಶೂಟ್ ಮಾಡುವಾಗ ಯೋಚಿಸಬೇಡಿ, ಇವತ್ತಿನ ಟ್ರೆಂಡ್ ಮುಂದಿನ ವರ್ಷ ಹಳಸಿರುತ್ತದೆ. ಹೆಂಚಿನ ಮೇಲೆ ಬೀಳುವ ಮಳೆ, ಒಲೆ ಚಟಪಟ, ಇದನ್ನೆಲ್ಲ ಬೇರೆಯೇ ರೆಕಾರ್ಡ್ ಮಾಡಿಡಿ. ಹೆಂಚಿನ ಸದ್ದು ನಾನು ಎಲ್ಲಿ ಮೈಕ್ ಇಟ್ಟು ತೆಗೆಯುತ್ತೇನೆ ಅಂತ ಗೆಳೆಯ ಈಗಲೂ ಕೇಳುತ್ತಿದ್ದಾನೆ. ಕೇಳಲಿ.

ಕಕ್ಕಡ ಹದಿನೆಂಟಕ್ಕೂ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಇದೇ ದಾರಿ. ಆಗಸ್ಟ್ 3ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿ ಅದೇ ದಿನ ಎಲ್ಲರೂ ಹಾಕುತ್ತಾರೆ. ನಮ್ಮ ಒಂದು ಹೋಟೆಲ್ ಕ್ಲೈಂಟ್ ಹತ್ತು ದಿನ ಮುಂಚೆಯೇ ಹಾಕಿ ಆರ್ಡರ್ ತೆಗೆದುಕೊಂಡಿತು, ಹೋದ ವರ್ಷದ ವಿಡಿಯೋ ಇದ್ದದ್ದಕ್ಕೆ. ಅದರ ಹಿಂದಿನ ವರ್ಷ ಅಡುಗೆಮನೆ ಲೈಟಿನಲ್ಲಿ ಆಟೋ ವೈಟ್ ಬ್ಯಾಲೆನ್ಸ್‌ಗೆ (ಬಣ್ಣವನ್ನು ಕ್ಯಾಮೆರಾವೇ ಹೊಂದಿಸುವುದು) ಬಿಟ್ಟು ಆ ನೇರಳೆ ಪಾಯಸ ಇಂಕಿನ ಹಾಗೆ ನೀಲಿ ಬಂದಿತ್ತು. ಎಡಿಟ್‌ನಲ್ಲಿ ಎಳೆದರೆ ಅಜ್ಜಿಯ ಕೈಯೂ ನೇರಳೆ! ಈಗ ಕಿಟಕಿ ಪಕ್ಕ, ಲೈಟ್ ಆಫ್. ಇನ್ನೊಂದು, ಹೊರಗಿನ ಚಳಿಯಿಂದ ಒಲೆ ಇರುವ ಅಡುಗೆಮನೆಗೆ ನೇರ ಹೋದರೆ ಲೆನ್ಸ್ ಬೆವರುತ್ತದೆ. ಜಿಪ್ ಕವರಿನಲ್ಲಿ ಹಾಕಿ ಅರ್ಧ ಗಂಟೆ ಇಡಿ, ಅಷ್ಟರಲ್ಲಿ ತಿಂಡಿ ತಿನ್ನಿ.

ಹಳೇ ಫುಟೇಜಿನ ದೊಡ್ಡ ಅಪಾಯ ಪೇಂಟ್. ಒಂದು ಮನೆಯವರು ಬೇಸಿಗೆಯಲ್ಲಿ ಬಿಳಿ ಗೋಡೆಗೆ ಹಳದಿ ಬಳಿಸಿದರು, ಹೆಂಚು ತೆಗೆದು ಶೀಟ್ ಹಾಕಿಸಿದರು, ನನಗೆ ಹೇಳಲಿಲ್ಲ. ಬಂದವರು ಗೇಟಿನಲ್ಲೇ ನಿಂತು "ಇದೇನಾ ಆ ಮನೆ?" ಅಂದರು. ಈಗ ಮನೆಯ ಮುಂಭಾಗ ದೂರದಿಂದ ತೆಗೆಯುವುದೇ ಕಡಿಮೆ. ಕಂಬ, ಜಗುಲಿ, ಕಾಫಿ ಲೋಟ, ಒದ್ದೆ ಮೆಟ್ಟಿಲು. ಒಂದು ವರ್ಷಕ್ಕೆ ಹಳತಾಗದ್ದು.

ಎರಡನೇ ಅಪಾಯ ಹಾರ್ಡ್ ಡಿಸ್ಕ್. ಒಂದು ಮಳೆಗಾಲದ್ದು ಪೂರ್ತಿ ಹೋಯಿತು. ರಿಕವರಿಗೆ ಹದಿನೈದು ಸಾವಿರ ಕೇಳಿದರು, ಕೊಟ್ಟೆ, ಸಿಕ್ಕಿದ್ದು ಕಾಲು ಭಾಗ. ಈಗ ಎರಡು ಡಿಸ್ಕ್, ಒಂದು ನನ್ನ ಮನೆಯಲ್ಲಿ, ಒಂದು ಮೈಸೂರಿನ ಅಕ್ಕನ ಮನೆಯಲ್ಲಿ. ನಮ್ಮ ತೇವಕ್ಕೆ ಡಿಸ್ಕ್, ಲೆನ್ಸ್ ಎರಡೂ ಉಳಿಯುವುದಿಲ್ಲ. ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಇಟ್ಟು ನೋಡಿದ್ದೂ ಆಯಿತು. ಫಂಗಸ್ ಬಂದೇ ಬಂತು, ಅಕ್ಕಿಗೆ ಹುಳವೂ ಬಂತು.

ಸ್ಟಾಕ್ ಇದ್ದರೆ ಸುಮ್ಮನಿರುವುದೂ ಸುಲಭ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ನೋಡಿದವರು ನಾವು. ಗುಡ್ಡ ಕುಸಿಯುವ ಮಳೆ ಬಂದಾಗ ಮಂಜಿನ ರೀಲ್ ಹಾಕಿ ಜನ ಕರೆಯುವುದು ತಪ್ಪು. ಆಗ ಕಾಫಿ ಪುಡಿ, ಜೇನು, ಅಡುಗೆ ವಿಡಿಯೋ ಹಾಕುತ್ತೇನೆ.

ಈಗ ಆರು ಕ್ಲೈಂಟ್. ವರ್ಷಕ್ಕೆ ನಾಲ್ಕು ಶೂಟ್: ಹೂವು, ಮಳೆ, ಪುತ್ತರಿ (ಭತ್ತದ ಸುಗ್ಗಿ ಹಬ್ಬ) ಹೊತ್ತಿನ ಗದ್ದೆ, ಕೊಯ್ಲು. ಒಬ್ಬೊಬ್ಬರಿಂದ ಎಪ್ಪತ್ತು ಸಾವಿರದ ಆಸುಪಾಸು, ಅರ್ಧ ಮುಂಗಡ. ಒಂದೇ ರಸ್ತೆಯ ಇಬ್ಬರನ್ನು ಒಂದೇ ದಿನ ಮುಗಿಸುತ್ತೇನೆ. ಕೊನೇ ಕಂತು ಕೊಡದವರು ಒಬ್ಬರಿದ್ದಾರೆ, ಅವರ ಆಶ್ಲೇಷ ನನ್ನ ಡಿಸ್ಕಿನಲ್ಲೇ ಇದೆ.

ಈ ಮಾರ್ಚ್‌ನಲ್ಲಿ ರಾತ್ರಿ ಒಂಬತ್ತಕ್ಕೆ ನಾಪೋಕ್ಲಿನ ಅಂಕಲ್ ಫೋನ್ ಮಾಡಿದರು. ಹಲೋ ಕೂಡ ಇಲ್ಲ. "ಒಂದು ಇಂಚು ಇಪ್ಪತ್ತು ಸೆಂಟ್. ಹಾಕ್ಬಿಡು." ಹಾಕಿದೆ. ಐದು ರೂಮಲ್ಲಿ ಐದೂ ಹೋಯಿತು. ನಾನು ಶೂಟಿಗೆ ಹೋದರೆ ಉಳಿಯೋಕೆ ಜಾಗ ಇಲ್ಲ, ಕಣದ ಪಕ್ಕದ ಗೋದಾಮಿನಲ್ಲಿ ಮಲಗಿದೆ.