ನೀರು ನೋಡಿ ದಾರಿ: ಕಾರವಾರದಿಂದ ಬನವಾಸಿವರೆಗೆ ನನ್ನ ಓಟ

ನಮ್ಮ ಉತ್ತರ ಕನ್ನಡದಲ್ಲಿ ಓಡುವವರು ಮೊದಲು ಕಲಿಯಬೇಕಾದದ್ದು ನೀರಿನ ಲೆಕ್ಕ. ಕಿಲೋಮೀಟರ್ ಲೆಕ್ಕ ಆಮೇಲೆ. ಸಮುದ್ರ ಇವತ್ತು ಎಷ್ಟು ಇಳಿದಿದೆ, ಗಜನಿಯ (ಹೊಳೆಯ ಅಂಚಿನ ಉಪ್ಪುನೀರಿನ ಗದ್ದೆಯ) ಒಡ್ಡು ಒಣಗಿದೆಯಾ, ಹೊಳೆಯಲ್ಲಿ ಕಲ್ಲು ಕಾಣುತ್ತಿವೆಯಾ? ಇಷ್ಟು ಗೊತ್ತಾದರೆ ಎಲ್ಲಿ ಓಡಬೇಕು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ. ನಾನು ಇರುವುದು ಕಾರವಾರದಲ್ಲಿ, ಕೆಲಸದ ಸಲುವಾಗಿ. ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಹಾಗಾಗಿ ಘಟ್ಟದ ಕೆಳಗೂ ಮೇಲೂ ಓಡಲು ಸಿಕ್ಕಿದೆ. ಎಲ್ಲೆಲ್ಲಿ, ಯಾವಾಗ, ಹೇಗೆ ಓಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರವಾರದಿಂದಲೇ ಶುರು ಮಾಡುತ್ತೇನೆ. ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗ, ದಕ್ಷಿಣಕ್ಕೆ ಬಂದರಿನ ಬೈತಖೋಲ. ನಡುವೆ ಮೂರು ಕಿಲೋಮೀಟರಿಗೂ ಜಾಸ್ತಿ ಮರಳು. ಅದರ ಒಂದು ಭಾಗಕ್ಕೆ ರವೀಂದ್ರನಾಥ ಟ್ಯಾಗೋರ್ ಕಡಲತೀರ ಅಂತ ಹೆಸರು. 1880ರ ದಶಕದ ಆರಂಭದಲ್ಲಿ ಟ್ಯಾಗೋರ್ ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿ ಸುತ್ತಿ ಬಂದು, ಅಳಿವೆಯಲ್ಲಿ ಇಳಿದು, ಮರಳಿನ ಮೇಲೆ ನಡೆದುಕೊಂಡೇ ಮನೆಗೆ ಹೋದದ್ದನ್ನು ಅವರು ಬರೆದಿದ್ದಾರೆ. ಕೋಡಿಬಾಗದ ತುದಿಯಿಂದ ಓಡಲು ಹೊರಟಾಗೆಲ್ಲ ನನಗೆ ಇದು ನೆನಪಾಗುತ್ತದೆ. ಅವರು ನಡೆದ ಮರಳು ಇದೇ ಅಲ್ವಾ?

ಸಮುದ್ರದ ದಂಡೆಯಲ್ಲಿ ಓಡುವುದು ಅಂದರೆ ಗಟ್ಟಿ ಮರಳಿನ ಪಟ್ಟಿಯನ್ನು ಹುಡುಕುವುದು. ಮೇಲಿನ ಒಣ ಮರಳಲ್ಲಿ ಕಾಲು ಹೂತುಹೋಗುತ್ತದೆ, ಹತ್ತು ನಿಮಿಷಕ್ಕೇ ಮೀನಖಂಡ ಉರಿಯುತ್ತದೆ. ತೀರಾ ನೀರಿನ ಅಂಚಿಗೆ ಹೋದರೆ ಬೂಟು ಒದ್ದೆ. ಇವೆರಡರ ನಡುವೆ, ಅಲೆ ಈಗಷ್ಟೇ ಬಿಟ್ಟುಹೋದ ಜಾಗ ಗಟ್ಟಿಯಾಗಿ, ಸಪಾಟಾಗಿ ಇರುತ್ತದೆ. ಇಳಿತದ ಹೊತ್ತಿಗೆ ಈ ಪಟ್ಟಿ ಅಗಲವಾಗುತ್ತದೆ. ಉಬ್ಬರದಲ್ಲಿ ಹೆಚ್ಚು ಕಡಿಮೆ ಇರುವುದೇ ಇಲ್ಲ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ ಬರುತ್ತವೆ. ಆದರೆ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇವತ್ತು ಬೆಳಿಗ್ಗೆ ಆರಕ್ಕೆ ನೀರು ಪೂರಾ ಇಳಿದಿದ್ದರೆ, ನಾಳೆ ಏಳಕ್ಕೆ ಹತ್ತು ನಿಮಿಷ ಇರುವಾಗ. ವಾರ ಕಳೆಯುವಷ್ಟರಲ್ಲಿ ಅದೇ ಆರು ಗಂಟೆಗೆ ನೀರು ಮೇಲೆ ಬಂದಿರುತ್ತದೆ. ಎರಡು ವಾರಕ್ಕೆ ಲೆಕ್ಕ ಮತ್ತೆ ಹಳೇ ಜಾಗಕ್ಕೆ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ. ಮೊಬೈಲಿನಲ್ಲಿ ಉಬ್ಬರದ ವೇಳಾಪಟ್ಟಿ ಸಿಗುತ್ತದೆ, ಅದನ್ನೂ ನೋಡುತ್ತೇನೆ. ಆದರೆ ಮನೆಯ ಪಂಚಾಂಗ ಮತ್ತು ದಂಡೆಯ ಮೀನುಗಾರರು, ಈ ಎರಡರ ಮೇಲೆ ನನಗೆ ನಂಬಿಕೆ ಹೆಚ್ಚು. ಬಲೆ ಸರಿಮಾಡುತ್ತ ಕೂತ ಒಬ್ಬ ಅಜ್ಜ ನನ್ನನ್ನು ಕಂಡಾಗೆಲ್ಲ, "ಮಾಸ್ತರ್ರೇ, ಇವತ್ತು ನೀರು ಬೇಗ ಏರ್ತದೆ, ಆಚೆ ತುದಿಗೆ ಹೋಗ್ಬೇಡಿ" ಅಂತಲೋ, "ಇವತ್ತು ಅಡ್ಡಿಲ್ಲ, ಹೋಗಿ" ಅಂತಲೋ ಹೇಳುತ್ತಾರೆ. ನಾನು ಮಾಸ್ತರ ಅಲ್ಲ, ಆದರೂ ಆ ಹೆಸರು ನನಗೆ ಇಷ್ಟ.

ದಂಡೆ ಸಮುದ್ರದ ಕಡೆಗೆ ಓರೆಯಾಗಿರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ಸೊಂಟಕ್ಕೂ ಮೊಣಕಾಲಿಗೂ ಇದು ಒಳ್ಳೆಯದಲ್ಲ. ಅದಕ್ಕೇ ಎಷ್ಟು ದೂರ ಹೋಗುತ್ತೇನೋ ಅಷ್ಟೇ ದೂರ ಅದೇ ಮರಳಲ್ಲಿ ವಾಪಸು ಬರುತ್ತೇನೆ. ಬರಿಗಾಲಲ್ಲಿ ಓಡುವ ಆಸೆ ಎಲ್ಲರಿಗೂ ಆಗುತ್ತದೆ. ಶುರುವಿಗೆ ಐದು ನಿಮಿಷ ಸಾಕು, ನಿಧಾನಕ್ಕೆ ಹೆಚ್ಚಿಸಿ. ಅದೂ ಬೆಳಕು ಹರಿದ ಮೇಲೆ ಮಾತ್ರ. ಚಿಪ್ಪು, ಗಾಜಿನ ಚೂರು, ಹರಿದ ಬಲೆ ಎಲ್ಲ ಇರುತ್ತವೆ. ರಂಪಣಿ, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ, ಎಳೆಯುವ ದಿನ ಹಗ್ಗ ದಾಟಬೇಡಿ. ಎರಡೂ ಬದಿಗೆ ಸಾಲು ಸಾಲು ಜನ ನಿಂತು ಎಳೆಯುತ್ತಿರುತ್ತಾರೆ. ಅದು ಅವರ ಅನ್ನ. ಮೇಲಿನ ಗಾಳಿಮರದ ಸಾಲಿನ ಕಡೆಯಿಂದ ಸುತ್ತು ಹಾಕಿ ಹೋಗಿ.

ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಓಡುವುದು ಒಂದು ಕಾಲದಲ್ಲಿ ನನ್ನ ಅತ್ಯಂತ ಪ್ರೀತಿಯ ದಾರಿ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ಎದುರಿಗೆ ಗುಡ್ಡ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದು ಬಿತ್ತು. ಆಮೇಲೆ ವಾಹನಗಳ ಭಾರವೆಲ್ಲ ಹೊಸ ಸೇತುವೆ ಮೇಲೆ ಬಿದ್ದದ್ದರಿಂದ ಅಲ್ಲಿ ಓಡುವುದನ್ನು ಬಿಟ್ಟೆ. ಈಗ ಬೈಕಿನಲ್ಲಿ ಆಚೆ ದಡಕ್ಕೆ ಹೋಗಿ ಅಲ್ಲಿಂದ ಓಡುತ್ತೇನೆ. ಗುಡ್ಡ ಹತ್ತುವ ರಸ್ತೆ ಚಿಕ್ಕದು, ಏರು ಚೆನ್ನಾಗಿದೆ. ಮೇಲೆ ನಿಂತರೆ ಕಾಳಿ ಅಳಿವೆ, ದೇವಬಾಗದ ಗಾಳಿಮರ, ದೂರದ ಕೂರ್ಮಗಡ ದ್ವೀಪ ಎಲ್ಲ ಕಾಣುತ್ತವೆ. ಈ ಗುಡ್ಡದ ಮೇಲಿನ ಕೋಟೆ ಕಟ್ಟಿಸಿದವರು ಸೋಂದೆ ಅರಸರು. ಸೋಂದೆ ಇರುವುದು ಶಿರಸಿ ಹತ್ತಿರ, ನಮ್ಮೂರ ಕಡೆಗೆ. ಅದರ ವಿಷಯ ಮುಂದೆ ಬರುತ್ತದೆ. ಸಮಯ ಇದ್ದರೆ ಇಲ್ಲಿಂದ ಮಾಜಾಳಿ ಕಡೆಗೆ ಓಡಿ, ಅಲ್ಲಿ ಜನ ಕಡಿಮೆ.

ಕರಾವಳಿಯ ಸೆಕೆ ಬಗ್ಗೆ ಒಂದು ಮಾತು. ಇಲ್ಲಿ ಬೆವರು ಆರುವುದಿಲ್ಲ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಮೈಮೇಲೇ ಉಳಿಯುತ್ತದೆ, ಮೈ ತಣಿಯುವುದಿಲ್ಲ, ಎದೆಬಡಿತ ಏರುತ್ತದೆ. ಶಿರಸಿಯಲ್ಲಿ ಹಾಯಾಗಿ ಓಡುವ ವೇಗಕ್ಕೆ ಕಾರವಾರದಲ್ಲಿ ಏದುಸಿರು ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ವೇಗ ನೋಡುವುದನ್ನೇ ಬಿಟ್ಟುಬಿಡಿ. ಉಸಿರು ಕಟ್ಟದೆ ಮಾತಾಡಲು ಆಗುತ್ತಿದೆಯಾ, ಅಷ್ಟು ಸಾಕು. ಓಡಿ ಬಂದ ಮೇಲೆ ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಮುರುಗಲ (ಕೋಕಂ) ಪಾನಕಕ್ಕೆ ಉಪ್ಪು, ಜೀರಿಗೆ ಹಾಕಿ ಕುಡಿಯುತ್ತೇನೆ. ಊರಿಗೆ ಹೋದರೆ ಮಾವಿನಕಾಯಿಯ ಅಪ್ಪೆಹುಳಿ. ಅಂಗಡಿಯ ಬಣ್ಣದ ಪಾನೀಯ ನನಗೆ ಯಾವತ್ತೂ ಬೇಕಾಗಿಲ್ಲ.

ಇನ್ನು ಕುಮಟಾ ತಾಲೂಕು. ಒಂದೇ ದಾರಿ ಆರಿಸಿ ಅಂದರೆ ನಾನು ಅಘನಾಶಿನಿ ಅಳಿವೆಯನ್ನೇ ಆರಿಸುತ್ತೇನೆ. ಗೋಕರ್ಣದಲ್ಲಿ ಶುರು ಮಾಡಿ. ಬೆಳಿಗ್ಗೆ ಬೇಗ ಹೋದರೆ ರಥಬೀದಿ ಖಾಲಿ. ಮಹಾಬಲೇಶ್ವರ ದೇವಸ್ಥಾನದ ಬೀದಿಯಲ್ಲಿ ಓಡಬೇಡಿ, ನಡೆಯಿರಿ. ಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲಿ ಬರುವವರಿರುತ್ತಾರೆ. ಕೋಟಿತೀರ್ಥದ ಸುತ್ತ ಒಂದು ಸುತ್ತು ಹಾಕಿ, ಮೈ ಬಿಸಿಯಾದ ಮೇಲೆ ಸಾಣಿಕಟ್ಟಾ ರಸ್ತೆ ಹಿಡಿಯಿರಿ. ಎರಡೂ ಬದಿಗೆ ಉಪ್ಪಿನಾಗರ. ಬೇಸಿಗೆಯಲ್ಲಿ ಮಡಿಗಳಲ್ಲಿ ನೀರು ಆರಿ ಉಪ್ಪು ಕಟ್ಟುತ್ತದೆ, ದಂಡೆ ಮೇಲೆ ಬಿಳಿ ಗುಪ್ಪೆಗಳು ಏಳುತ್ತವೆ. ರಸ್ತೆ ಸಪಾಟು, ನೆರಳು ಮಾತ್ರ ಇಲ್ಲ. ಬಿಸಿಲು ಏರುವ ಮೊದಲೇ ದಾಟಿಬಿಡಬೇಕು.

ಅಲ್ಲಿಂದ ತದಡಿ. ಮೀನಿನ ಬಂದರು. ದೋಣಿ ಹತ್ತಿ ಹೊಳೆ ದಾಟಿದರೆ ಅಘನಾಶಿನಿ ಊರು. ಓಟದ ಮಧ್ಯೆ ದೋಣಿ ಹತ್ತುವ ದಾರಿ ಬೇರೆ ಎಲ್ಲಿ ಸಿಗುತ್ತದೆ ಹೇಳಿ! ದೋಣಿಗೆ ಕಾಯುವಾಗ ಕಾಲು ಬಿಗಿಯುತ್ತದೆ, ಸುಮ್ನೆ ಕೂರದೆ ಅಲ್ಲೇ ಅತ್ತಿತ್ತ ನಡೆಯಿರಿ. ಇಳಿತದ ಹೊತ್ತಾದರೆ ಹೊಳೆಯ ನಡುವಿನ ದಿಬ್ಬಗಳಲ್ಲಿ ಜನ ಬೆಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿರುವುದು ಕಾಣುತ್ತದೆ. ಸೊಂಟದವರೆಗೆ ನೀರಿನಲ್ಲಿ ನಿಂತು ಗಂಟೆಗಟ್ಟಲೆ ಮಾಡುವ ಕೆಲಸ ಅದು. ಆಚೆ ದಡದಿಂದ ಕಾಗಾಲ, ಬಾಡ ಕಡೆಗೆ ಊರೊಳಗಿನ ರಸ್ತೆ, ತೆಂಗಿನ ನೆರಳು.

ಹೊಳೆಯ ಅಂಚಿನ ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗದ ಹಾಗೆ ಒಡ್ಡು ಹಾಕಿರುತ್ತಾರೆ. ಮಳೆಗಾಲದಲ್ಲಿ ಈ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನಿಂತರೂ ತಡೆದುಕೊಳ್ಳುವ ತಳಿ ಅದು. ಬೆಳೆ ಆದ ಮೇಲೆ ಮೀನು, ಸಿಗಡಿ. ಡಿಸೆಂಬರ್ ಹೊತ್ತಿಗೆ ಒಡ್ಡಿನ ಮಣ್ಣು ಒಣಗಿ ಗಟ್ಟಿಯಾಗುತ್ತದೆ, ಓಡಲು ಹಿತವಾಗಿರುತ್ತದೆ. ಒಡ್ಡು ಊರವರ ಆಸ್ತಿ, ಕೇಳಿಯೇ ಕಾಲಿಡಿ. ಒದ್ದೆ ಇದ್ದಾಗ ಓಡಿದರೆ ಮಣ್ಣು ಜರಿಯುತ್ತದೆ. ಈ ಅಳಿವೆಗೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಹುಟ್ಟಿನಿಂದ ಸಮುದ್ರದವರೆಗೆ ಅಡ್ಡಕ್ಕೆ ದೊಡ್ಡ ಅಣೆಕಟ್ಟು ಇಲ್ಲದೆ ಹರಿಯುವ ಹೊಳೆ ಇದು. ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ ಅಂತ ನಾವು ಹೇಳುವುದು. ನನ್ನೂರ ನೀರು ಇಲ್ಲಿ ಉಪ್ಪಾಗುತ್ತದೆ ಅನ್ನುವ ಕಾರಣಕ್ಕೇ ಈ ದಾರಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ.

ಮಿರ್ಜಾನ ಕೋಟೆ ಇದೇ ಹೊಳೆಯ ಬದಿಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಚಿರೇಕಲ್ಲಿನ ಗೋಡೆ, ಎತ್ತರದ ಬುರುಜು. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜತೆ ಸೇರಿಕೊಂಡಿದೆ. ಘಟ್ಟದ ಮೆಣಸು ಹೊಳೆಯ ದಾರಿಯಲ್ಲಿ ಬಂದು ಹಡಗು ಸೇರುತ್ತಿದ್ದ ಕಾಲ. ಕೋಟೆವರೆಗೆ ಓಡಿ, ಒಳಗೆ ನಡೆಯಿರಿ. ಮಳೆಗಾಲದಲ್ಲಿ ಹಸಿರು ನೋಡಲು ಚೆಂದ, ಆದರೆ ಚಿರೇಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಬೂಟಿನ ಯಾವ ಹಿಡಿತವೂ ನಿಲ್ಲುವುದಿಲ್ಲ.

ಹೊನ್ನಾವರದ ಕಾಸರಕೋಡು ದಂಡೆಯೂ ಒಳ್ಳೆಯದು, 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು. ನಾನು ಅಲ್ಲಿ ಕಡಿಮೆ ಓಡಿದ್ದೇನೆ.

ಘಟ್ಟ ಹತ್ತಿದರೆ ಎಲ್ಲ ಬದಲು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಬೆಳಿಗ್ಗೆ ಇಬ್ಬನಿ, ಚಳಿ, ಅಡಿಕೆ ಕೊಯ್ಲಿನ ಗಡಿಬಿಡಿ. ಸಪಾಟು ರಸ್ತೆ ಅನ್ನುವುದೇ ಇಲ್ಲ. ಒಂದು ಏರು, ತೋಟಕ್ಕೆ ಇಳಿಯುವ ಒಂದು ಇಳುಕಲು, ಕೆಳಗೆ ಹಳ್ಳ, ಮತ್ತೆ ಏರು. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಬೇಕಾದರೆ ನಡೆಯಿರಿ. ಇಳುಕಲಿನಲ್ಲಿ ಹಿಂದಕ್ಕೆ ವಾಲಬೇಡಿ, ಮೊಣಕಾಲಿಗೆ ಪೆಟ್ಟು ಬೀಳುತ್ತದೆ. ಊರ ಹಿರಿಯರು ಅಂಗಳದಿಂದಲೇ, "ಎಂತಾ ಆತಾ ತಮಾ, ಬಸ್ಸು ತಪ್ಪೋತಾ?" ಅಂತ ಕೇಳುತ್ತಾರೆ. ಓಡುವುದಕ್ಕೇ ಓಡುವುದು ಅಂತ ಹೇಳಿದರೆ, "ಆಸರಿಗೆ ಕುಡದು ಹೋಗು" ಅಂತ, ಏನಾದರೂ ಕುಡಿದು ಹೋಗಲು ಕರೆಯುತ್ತಾರೆ. ಹೋಗಿ ಕುಡಿಯಿರಿ.

ಶಿರಸಿಯಿಂದ ಸೋಂದೆ ಕಡೆಗಿನ ದಾರಿಯಲ್ಲಿ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಸ್ವಾದಿ ಜೈನ ಮಠ ಎಲ್ಲ ಹತ್ತಿರ ಹತ್ತಿರ. ಸದಾಶಿವಗಡ ಕಟ್ಟಿಸಿದ ಅರಸರ ರಾಜಧಾನಿ ಇದೇ. ಸಮುದ್ರದ ಮೇಲೆ ಕಣ್ಣಿಟ್ಟವರು ಇಂಥ ಕಾಡೊಳಗೆ ಕೂತು ಆಳಿದರು ಅನ್ನುವುದು ಎರಡೂ ಕಡೆ ಓಡಿದ ಮೇಲೆಯೇ ನನ್ನ ತಲೆಗೆ ಹತ್ತಿತು. ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ಮಳೆಗಾಲದಲ್ಲಿ ಹೋದರೆ ಬರೀ ಕೆಂಪು ನೀರು. ನೀರು ಇಳಿದ ಮೇಲೆ ಬಂಡೆಗಳ ಮೇಲಿನ ಲಿಂಗಗಳು ಒಂದೊಂದಾಗಿ ಮೇಲೆ ಬರುತ್ತವೆ. ಮಳೆಗಾಲದಲ್ಲಿ ಓಡುವವರು ಸೋಂದೆಯ ಮುಂಡಿಗೆಕೆರೆಗೆ ಹೋಗಲಿ. ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ. ದೂರದಿಂದ ನೋಡಿ, ಗಲಾಟೆ ಬೇಡ.

ಎರಡು ಎಚ್ಚರ. ಮಳೆಗಾಲದಲ್ಲಿ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಇದು ತೊಂದರೆಯಷ್ಟೇ, ಅಪಾಯ ಅಲ್ಲ. ಕಾಲುಚೀಲದ ಮೇಲೆ ಸುಣ್ಣ, ಹೊಗೆಸೊಪ್ಪು ಉಜ್ಜಿದರೆ ಹತ್ತುವುದು ಕಡಿಮೆ. ಉಣುಗು, ಅಂದರೆ ಉಣ್ಣೆ ಹುಳ, ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ, ನಮ್ಮ ಸಿದ್ದಾಪುರ, ಶಿರಸಿ ಕಡೆಗೂ ಬಂದಿದೆ. ಚಳಿಗಾಲದ ಕೊನೆಯಿಂದ ಮಳೆ ಬೀಳುವವರೆಗೆ ಇದರ ಕಾಲ. ಆ ತಿಂಗಳುಗಳಲ್ಲಿ ನಾನು ಬೆಟ್ಟದ ಕಾಲುದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಓಡುತ್ತೇನೆ. ಮಂಗ ಸತ್ತ ಸುದ್ದಿ ಬಂದ ಊರಿನ ಕಾಡಿಗಂತೂ ಕಾಲಿಡುವುದಿಲ್ಲ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈಗೆ ಸಾಬೂನು ಸ್ನಾನ. ಜ್ವರ ಬಂದರೆ ಕಾಡಿನಲ್ಲಿ ಓಡಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮಳೆಗಾಲದಲ್ಲಿ ಕರಾವಳಿಯ ಹೆದ್ದಾರಿ ಬದಿಗೆ, ಗುಡ್ಡ ಕತ್ತರಿಸಿದ ಜಾಗದಲ್ಲಿ ಓಡಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಆ ಎರಡು ಮೂರು ತಿಂಗಳು ನಾನು ಕಾರವಾರ ಪೇಟೆಯ ಒಳರಸ್ತೆಗಳಲ್ಲೇ ಸುತ್ತುತ್ತೇನೆ. ಬೂಟಿಗೆ ಹಳೇ ಪೇಪರ್ ತುರುಕಿ ಒಣಗಿಸಬೇಕು. ಎರಡು ಜೊತೆ ಇದ್ದರೆ ಒಳ್ಳೆಯದು, ಒಂದು ಒಣಗಲು ಎರಡು ದಿನ ಬೇಕು.

ಕೊನೆಗೆ ಬನವಾಸಿ. ಶಿರಸಿಯಿಂದ ಹೋದರೆ 21 ಕಿಲೋಮೀಟರಿನ ಹಾಫ್ ಮ್ಯಾರಥಾನ್‌ಗಿಂತ ಸ್ವಲ್ಪ ಜಾಸ್ತಿ. ಚೆನ್ನಾಗಿ ಅಭ್ಯಾಸ ಇದ್ದವರಿಗೆ ಮಾತ್ರ. ಕಾಡು ನಿಧಾನಕ್ಕೆ ತೆಳುವಾಗುತ್ತದೆ, ಅಡಿಕೆ ಕಡಿಮೆಯಾಗಿ ಗದ್ದೆ ಬಯಲು ತೆರೆಯುತ್ತದೆ, ಅನಾನಸ್ ತೋಟ ಶುರುವಾಗುತ್ತದೆ. ಮಲೆನಾಡು ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ, ಏರು ಕಡಿಮೆಯಾಗಿರುತ್ತದೆ. ಬನವಾಸಿಯನ್ನು ಬಳಸಿ ಹರಿಯುವ ವರದಾ ಪಶ್ಚಿಮಕ್ಕೆ ಬರುವುದೇ ಇಲ್ಲ, ತುಂಗಭದ್ರೆ ಸೇರಲು ಪೂರ್ವಕ್ಕೆ ಹೋಗುತ್ತಾಳೆ. ಕದಂಬರ ರಾಜಧಾನಿ, ಮಧುಕೇಶ್ವರ ದೇವಸ್ಥಾನದ ಕಲ್ಲಿನ ಅಂಗಳ.

ಈ ಓಟಕ್ಕೆ ನಾನು ಹೊರಡುವುದು ನವೆಂಬರ್‌ನಿಂದ ಜನವರಿ ಒಳಗೆ, ಬೆಳಕು ಹರಿದ ಕೂಡಲೇ. ಕತ್ತಲಲ್ಲಿ ಬೇಡ, ರಸ್ತೆಗೆ ಹಂದಿ, ಕಾಡುಕೋಣ ಬರುವುದುಂಟು. ವಾಹನಕ್ಕೆ ಎದುರಾಗಿ, ಬಲಬದಿಯಲ್ಲಿ ಓಡುತ್ತೇನೆ. ಅರ್ಧ ದಾರಿಯಲ್ಲಿ ಬಾಳೆಹಣ್ಣು, ಕಿಸೆಯಲ್ಲಿ ಬೆಲ್ಲದ ಚೂರು. ಬದಲಿಸಲು ಒಣ ಅಂಗಿಯನ್ನು ಬೆನ್ನಚೀಲದಲ್ಲಿ ಇಡುತ್ತೇನೆ, ಒದ್ದೆ ಬಟ್ಟೆಯಲ್ಲಿ ದೇವಸ್ಥಾನದೊಳಗೆ ಹೋಗಲು ಮನಸ್ಸಾಗುವುದಿಲ್ಲ. ದರ್ಶನ ಆದ ಮೇಲೆ ಒಂದು ಅನಾನಸ್ ಕೊಯ್ಯಿಸಿ ಉಪ್ಪು ಖಾರ ಹಾಕಿಸಿ ತಿನ್ನುತ್ತೇನೆ, ಆಮೇಲೆ ಶಿರಸಿ ಬಸ್ಸು ಹತ್ತುತ್ತೇನೆ.