ಎರೆಮಣ್ಣಿನ ಮೇಲೆ ಅಂಗಡಿ ಕಾಂಪ್ಲೆಕ್ಸ್: ನನ್ನ ಅನುಭವ

ನಾನು ಸಿವಿಲ್ ಎಂಜಿನಿಯರ್. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಗುತ್ತಿಗೆ ಕೆಲಸ ಮಾಡುತ್ತೇನೆ. ಇತ್ತೀಚೆಗೆ ಮುಗಿಸಿದ ಒಂದು ಕಾಂಪ್ಲೆಕ್ಸ್ ಬಗ್ಗೆ ಹೇಳುತ್ತೇನೆ. ಕೆಳಗೆ ಅಂಗಡಿಗಳು, ಮೇಲೆ ಎರಡು ಮಹಡಿ.

ಕಾಗದಪತ್ರದ ಕೆಲಸ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಜಾಗ ಎನ್.ಎ. (ಕೃಷಿಯೇತರ) ಆಗಿರಬೇಕು, ಅದೂ ವ್ಯಾಪಾರದ ಬಳಕೆಗೆ. ನಕ್ಷೆಗೆ ಮಂಜೂರಾತಿ, ನಗರಸಭೆಯ ಪರವಾನಗಿ ಕೈಗೆ ಬರುವ ತನಕ ನಾನು ಗುದ್ದಲಿ ಮುಟ್ಟಿಸುವುದಿಲ್ಲ. ಸುತ್ತ ಬಿಡಬೇಕಾದ ಜಾಗ ಮತ್ತು ಪಾರ್ಕಿಂಗ್ ಅಲ್ಲೇ ತೀರ್ಮಾನವಾಗಬೇಕು. ಕಾಲಂ ಎದ್ದ ಮೇಲೆ ಅದನ್ನು ಸರಿಸಲು ಬರುವುದಿಲ್ಲ.

ನಮ್ಮ ಕಡೆ ನಿಜವಾದ ಕೆಲಸ ಇರುವುದು ನೆಲದ ಕೆಳಗೆ. ಇದು ಎರೆಭೂಮಿ, ಅಂದರೆ ಕಪ್ಪು ಜೇಡಿಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೀರು ಬಿದ್ದರೆ ಉಬ್ಬುತ್ತದೆ. ಈ ಉಬ್ಬು-ಇಳಿತಕ್ಕೆ ಗೋಡೆ ಸೀಳುತ್ತದೆ, ಬಾಗಿಲು ಹಿಡಿದುಕೊಳ್ಳುತ್ತದೆ. ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿರುವುದರಿಂದ ನೆಲದ ತೇವ ವರ್ಷವಿಡೀ ಏರುಪೇರಾಗುತ್ತದೆ. ಹಾಗಾಗಿ ಮೊದಲು ಬೋರ್ ಹಾಕಿಸಿ ಮಣ್ಣು ಪರೀಕ್ಷೆ ಮಾಡಿಸಿದೆ. ಕರಿಮಣ್ಣು ದಾಟಿದ ಮೇಲೆ ಗಟ್ಟಿ ಗರಸು (ಕಲ್ಲುಹರಳು ಬೆರೆತ ಮಣ್ಣು) ಸಿಕ್ಕಿತು. ಫೂಟಿಂಗ್, ಅಂದರೆ ಕಾಲಂ ಬುಡದ ಅಡಿಪಾಯ, ಅಲ್ಲಿಗೇ ಇಳಿಸಿದೆವು. ಗರಸು ಕೈಗೆ ಸಿಗದಷ್ಟು ಆಳದಲ್ಲಿದ್ದರೆ ಕೆಳತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ಆಳದ ಎರೆಮಣ್ಣಿನಲ್ಲಿ ಅದು ಕಡಿಮೆ ಅಂದರೂ 3.5 ಮೀಟರ್ ಇಳಿಯಬೇಕು.

ಗುಂಡಿ ನೋಡಿ ಮಾಲೀಕರು, "ರೊಕ್ಕ ಎಲ್ಲಾ ಮಣ್ಣಾಗ ಹಾಕಾಕತ್ತೀರಲ್ರಿ ಸರ" ಅಂದರು. "ಸಾಹುಕಾರ್ರ, ಇಲ್ಲಿ ಉಳಿಸಿದ್ರ ಮುಂದ ಗ್ವಾಡಿ ರಿಪೇರಿಗೇ ಹಾಕಬೇಕಾಗತೈತ್ರಿ" ಅಂದೆ. ಪಕ್ಕದ ಓಣಿಯಲ್ಲಿ ಮೂಲೆಯಿಂದ ಮೂಲೆಗೆ ಸೀಳಿದ ಗೋಡೆಯೊಂದಿತ್ತು. ಕರೆದುಕೊಂಡು ಹೋಗಿ ತೋರಿಸಿದೆ. ಮತ್ತೆ ಆ ಮಾತು ಎತ್ತಲಿಲ್ಲ.

ಫೂಟಿಂಗ್ ಆದ ಮೇಲೆ ಅಗೆದ ಕರಿಮಣ್ಣನ್ನೇ ಒಳಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಆದರೆ ಅದು ಒಳಗೂ ಉಬ್ಬುತ್ತದೆ. ನಾನು ಅದನ್ನು ಪೂರ್ತಿ ಸಾಗಿಸಿ, ಹೊರಗಿನಿಂದ ಗರಸು ತರಿಸಿ, ಒಂದೊಂದೇ ಪದರ ಹರಡಿ, ನೀರು ಹೊಡೆದು ರೋಲರ್‌ನಿಂದ ದಮ್ಮಾಸು ಮಾಡಿಸಿದೆ. ನೆಲಮಟ್ಟದಲ್ಲಿ ಕಾಲಂಗಳನ್ನು ಜೋಡಿಸುವ ಪ್ಲಿಂತ್ ಬೀಮ್ ಬಿದ್ದದ್ದು ಆಮೇಲೆ.

ಎರಡನೇ ದೊಡ್ಡ ವಿಷಯ ಭಾರ. ಮನೆಯ ಸ್ಲ್ಯಾಬ್‌ಗೆ ಜನ, ಸಾಮಾನು ಅಂತ ಚದರ ಮೀಟರಿಗೆ ಸುಮಾರು 200 ಕೆ.ಜಿ. ಲೆಕ್ಕ ಹಿಡಿಯುತ್ತೇವೆ. ಚಿಲ್ಲರೆ ಅಂಗಡಿಗೆ ಅದು ಸುಮಾರು 400. ಸಿಂಧನೂರಿನಲ್ಲಿ ಅಂಗಡಿ ಅಂದರೆ ಬೀಜ, ಗೊಬ್ಬರ, ಅಕ್ಕಿ. 50 ಕೆ.ಜಿ.ಯ ಡಿ.ಎ.ಪಿ. ಗೊಬ್ಬರದ ಚೀಲ ಒಂದರ ಮೇಲೊಂದು ಹತ್ತು ಪೇರಿಸಿದರೆ ಚದರ ಮೀಟರಿಗೆ ಸಾವಿರ ಕೆ.ಜಿ. ಸಲೀಸಾಗಿ ದಾಟುತ್ತದೆ. ಅದಕ್ಕೇ ಗೋದಾಮು ಬೇಕಾದವರಿಗೆ ಭಾರ ನೇರ ನೆಲಕ್ಕೆ ಹೋಗುವ ಕೆಳಗಿನ ಅಂತಸ್ತು ಮಾತ್ರ ಅಂತ ನಕ್ಷೆಯ ಹಂತದಲ್ಲೇ ಮಾಲೀಕರ ಜೊತೆ ಮಾತಾಗಿತ್ತು.

ಇನ್ನು ಕಬ್ಬಿಣ. ಬಾರ್ ಬೆಂಡರ್‌ಗಳು ಕಾಲಂನ ಉದ್ದ ಸರಳುಗಳನ್ನು ಸುತ್ತುವ ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೇ ಬಿಟ್ಟುಬಿಡುತ್ತಾರೆ. ಬೇಗ ಆಗುತ್ತದೆ ನಿಜ. ಆದರೆ 135 ಡಿಗ್ರಿ ಒಳಕ್ಕೆ ಬಾಗಿದ ಕೊಕ್ಕೆಯೇ ಕಾಲಂನ ಬಿಗಿ ಹಿಡಿಯುವುದು. ಕಾಲಂಗೆ 40 ಮಿ.ಮೀ., ಸ್ಲ್ಯಾಬ್‌ಗೆ 20 ಮಿ.ಮೀ. ಕವರ್ ಬ್ಲಾಕ್ (ಕಬ್ಬಿಣ ಕಾಂಕ್ರೀಟಿನ ಅಂಚಿಗೆ ತಾಗದಂತೆ ಇಡುವ ಬಿಲ್ಲೆ) ಇಟ್ಟು, ಟೇಪ್ ಹಿಡಿದು ನೋಡಿದ ಮೇಲೆಯೇ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಹಲಗೆಯ ಅಚ್ಚು, ಮುಚ್ಚಲು ಬಿಟ್ಟೆ.

ಕಾಂಕ್ರೀಟ್ ಎಂ25 ಅನ್ನುವ ಶಕ್ತಿಯ ದರ್ಜೆಯದು. ಮಿಕ್ಸರ್ ಹತ್ತಿರ ನಾನೇ ನಿಂತಿದ್ದೆ. ಮಾಲು ಸ್ವಲ್ಪ ಗಟ್ಟಿ ಅನ್ನಿಸಿದರೆ ಸಾಕು, ಹುಡುಗರು ಒಂದು ಬಕೆಟ್ ನೀರು ಸುರಿದುಬಿಡುತ್ತಾರೆ. ಆ ಒಂದು ಬಕೆಟ್ಟಿಗೆ ಶಕ್ತಿ ಇಳಿಯುತ್ತದೆ. ಪ್ರತಿ ಸಲ 150 ಮಿ.ಮೀ. ಕ್ಯೂಬ್ ತೆಗೆದಿಟ್ಟು 28 ದಿನಕ್ಕೆ ಒಡೆಸಿ ನೋಡಿದೆ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕೇ ಸ್ಲ್ಯಾಬ್ ದಿನ ಕೆಲಸ ನಸುಕಿನಲ್ಲೇ ಶುರು. ಮೇಲ್ಮೈ ಸೆಟ್ ಆಗುತ್ತಿದ್ದಂತೆ ಗೋಣಿತಟ್ಟು ಹಾಸಿ ನೀರು ಹೊಡೆದು, ಮರುದಿನ ಗದ್ದೆಯಂತೆ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಹದಿನಾಲ್ಕು ದಿನ ಬತ್ತಲು ಬಿಡಲಿಲ್ಲ. ಕಾಲಂಗೂ ತಟ್ಟು ಸುತ್ತಲೇಬೇಕು. ನಿಂತ ಮೈಗೆ ಬರೀ ಪೈಪ್ ಹಿಡಿದರೆ ನೀರು ಜಾರಿಹೋಗುತ್ತದೆ.

ಸೆಂಟ್ರಿಂಗ್ ಬಿಚ್ಚಲು ಎಲ್ಲರಿಗೂ ಅವಸರ, ಹಲಗೆಗೆ ಬಾಡಿಗೆ ಓಡುತ್ತಿರುತ್ತದೆ. 6 ಮೀಟರ್ ಒಳಗಿನ ಬೀಮ್ ಕೆಳಗಿನ ಆಸರೆ ಕಂಬಗಳನ್ನು 14 ದಿನ, ಅದಕ್ಕಿಂತ ಉದ್ದವಿದ್ದರೆ 21 ದಿನ ಮುಟ್ಟಬಾರದು.

ಗೋಡೆಗೆ ಹಾರುಬೂದಿ ಇಟ್ಟಿಗೆ ಬಳಸಿದೆ. ಗಿಲಾವು, ಶಟರ್, ಬಣ್ಣ ಇವೆಲ್ಲ ಒಳ್ಳೆಯ ಗೌಂಡಿ ಸಿಕ್ಕರೆ ತಾವಾಗಿಯೇ ಸಾಗುತ್ತವೆ. ಒಂದು ಮಾತ್ರ: ಪ್ರತಿ ಅಂಗಡಿಗೂ ಬೇರೆ ಮೀಟರ್ ಬೇಕು. ಎಷ್ಟು ಕಿಲೋವ್ಯಾಟ್, ಟ್ರಾನ್ಸ್‌ಫಾರ್ಮರ್ ಬೇಕೋ ಬೇಡವೋ ಅಂತ ವಿದ್ಯುತ್ ಕಂಪನಿ ಜೆಸ್ಕಾಂ ಜೊತೆ ಮೊದಲೇ ಮಾತಾಡಿಕೊಳ್ಳಿ. ಮುಂಬಾಗಿಲಿಗೆ ಒಂದಕ್ಕೆ ಹನ್ನೆರಡರ (ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ) ಇಳಿಜಾರಿನ ರ‍್ಯಾಂಪ್ ಕೊಟ್ಟೆ. ಗಾಲಿಕುರ್ಚಿಯವರು ಯಾರ ಕೈಯನ್ನೂ ಹಿಡಿಯದೆ ಒಳಗೆ ಬರಬೇಕು ಅನ್ನುವುದು ನನ್ನ ಹಟ.

ಕೀಲಿ ಕೊಡುವಾಗ ಮಾಲೀಕರಿಗೆ ಒಂದು ಫೈಲ್ ಕೊಟ್ಟೆ. ಅದರಲ್ಲಿ ಕಬ್ಬಿಣದ ನಕ್ಷೆ, ಕ್ಯೂಬ್ ವರದಿ, ಸ್ಲ್ಯಾಬ್ ಹಾಕುವ ಮುಂಚೆ ತೆಗೆದ ಪೈಪ್‌ಗಳ ಫೋಟೊ ಇವೆ. ಪ್ರತಿ ಮಹಡಿಯ ಮೆಟ್ಟಿಲ ಹತ್ತಿರ ಎಷ್ಟು ಭಾರ ಹೇರಬಹುದು ಅಂತ ಬರೆಸಿದ್ದೇನೆ. ಬಾಡಿಗೆ ಕರಾರಿನಲ್ಲೂ ಅದೇ ಅಂಕಿ ಸೇರಿಸಿಕೊಂಡಿದ್ದಾರೆ.