ಕೊರೊನಾ ನಂತರದ ಟೊಂಕನೋವು: ಟಿ.ಬಿ. ಗುಳಿಗೆಗೆ ಮೊದಲು ಬಯಾಪ್ಸಿ

ವಿಜಯಪುರ, ಬಾಗಲಕೋಟೆ ಕಡೆ ಎಂಆರ್‌ಐನಲ್ಲಿ ಬೆನ್ನುಮಣಿಗಳ ನಡುವಿನ ಡಿಸ್ಕ್ ಹಾಳಾಗಿ, ಅದರ ಮೇಲಿನ ಕೆಳಗಿನ ಮಣಿ ತಿಂದುಹೋದದ್ದು ಕಂಡರೆ ಟಿ.ಬಿ. ಎಂದೇ ಗುಳಿಗೆ ಶುರುವಾಗುತ್ತದೆ. ನಮ್ಮಲ್ಲಿ ಟಿ.ಬಿ.ಯೇ ಹೆಚ್ಚು, ಅನುಮಾನ ತಪ್ಪಲ್ಲ. ಆದರೆ 2021ರ ಎರಡನೇ ಅಲೆಯ ನಂತರ ಇಂಥ ರೋಗಿಗಳನ್ನು ನಾನು ಮೊದಲು ಕೇಳುವುದು ಇಷ್ಟು: ಕೊರೊನಾಕ್ಕೆ ಅಡ್ಮಿಟ್ ಆಗಿದ್ದಿರಾ, ಸ್ಟೆರಾಯ್ಡ್ ಎಷ್ಟು ದಿನ ಕೊಟ್ಟರು, ಆಗ ಸಕ್ಕರೆ ಎಷ್ಟಿತ್ತು? ಸ್ಟೆರಾಯ್ಡ್ ಮತ್ತು ಏರಿದ ಸಕ್ಕರೆ ಸೇರಿದರೆ ಬಿಳಿ ರಕ್ತಕಣಗಳು ಸೋಲುತ್ತವೆ. ಆಸ್ಪರ್ಜಿಲಸ್‌ನಂಥ ಫಂಗಸ್ ರಕ್ತದ ಮೂಲಕ ಮಣಿಗೆ ಬಂದು ಕೂರುತ್ತದೆ. ನೋವು ತಿಂಗಳುಗಳ ನಂತರವೂ ಶುರುವಾಗಬಹುದು, ಜ್ವರ ಇಲ್ಲದೆಯೂ.

ಬಯಾಪ್ಸಿಯನ್ನು, ಅಂದರೆ ಪರೀಕ್ಷೆಗೆ ತುಣುಕು ತೆಗೆಯುವುದನ್ನು, ಸಿ-ಆರ್ಮ್ (ಆಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಅಥವಾ ಸಿಟಿ ನೋಡುತ್ತ ಪೆಡಿಕಲ್ (ಮಣಿಯ ಹಿಂಬದಿಯ ಮೂಳೆಯ ಕಂಬ) ಮೂಲಕ ಮಾಡುತ್ತೇನೆ. ಡಿಸ್ಕಿಗೆ ತಾಗಿದ ಮೂಳೆಯ ಅಂಚಿನ ತುಣುಕೇ ಬೇಕು, ಬರೀ ಕೀವು ಸಾಲದು. ಕೆಲಸ ಕೆಡುವುದು ಹೆಚ್ಚಾಗಿ ಬಾಟಲಿಯಲ್ಲಿ. ಎಲ್ಲ ತುಣುಕೂ ಫಾರ್ಮಲಿನ್‌ಗೆ (ತುಣುಕು ಕೆಡದಂತೆ ಇಡುವ ದ್ರಾವಣ) ಬಿದ್ದರೆ ಫಂಗಸ್ ಸಾಯುತ್ತದೆ, ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವುದು, ಮುಗಿದಂತೆಯೇ. ಒಂದು ಪಾಲು ಫಾರ್ಮಲಿನ್‌ನಲ್ಲಿ, ಉಳಿದದ್ದು ಸ್ಟೆರೈಲ್ ಸಲೈನ್‌ನಲ್ಲಿ: ಕೆಒಎಚ್ (ಫಂಗಸ್ಸನ್ನು ಸೂಕ್ಷ್ಮದರ್ಶಕದಲ್ಲಿ ನೇರ ನೋಡುವ ಪರೀಕ್ಷೆ), ಫಂಗಲ್ ಕಲ್ಚರ್, ಬ್ಯಾಕ್ಟೀರಿಯಾ ಕಲ್ಚರ್, ಟಿ.ಬಿ.ಗೆ ಸಿಬಿನ್ಯಾಟ್ (ಟಿ.ಬಿ. ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ). ಫಾರ್ಮಿನ ಮೇಲೆ ‘ಫಂಗಸ್ ಅನುಮಾನ, ಜಿಎಂಎಸ್ ಮತ್ತು ಪಿಎಎಸ್ ಸ್ಟೇನ್ ಮಾಡಿ’ (ಫಂಗಸ್ ಎದ್ದು ಕಾಣಿಸುವ ಬಣ್ಣಗಳು) ಎಂದು ಬರೆಯದಿದ್ದರೆ ಲ್ಯಾಬಿನವರಿಗೆ ಗೊತ್ತಾಗುವುದಾದರೂ ಹೇಗೆ? ಎರಡು ದಿನಕ್ಕೆ ಬರುವ ‘ಏನೂ ಬೆಳೆದಿಲ್ಲ’ ರಿಪೋರ್ಟ್ ಬ್ಯಾಕ್ಟೀರಿಯಾದ್ದು. ಫಂಗಲ್ ಕಲ್ಚರನ್ನು ನಾಲ್ಕು ವಾರ ಇಡಿಸಬೇಕು.

ಆಸ್ಪರ್ಜಿಲಸ್ ಖಚಿತವಾದರೆ ಫಂಗಸ್ ಔಷಧ ವೊರಿಕೊನಜೋಲ್: ಮೊದಲ ದಿನ ಕಿಲೋಗೆ 6 ಮಿ.ಗ್ರಾಂನಂತೆ ಹನ್ನೆರಡು ತಾಸಿಗೊಮ್ಮೆ ಎರಡು ಸಲ ರಕ್ತನಾಳಕ್ಕೆ, ಆಮೇಲೆ ಕಿಲೋಗೆ 4. ಗುಳಿಗೆಗೆ ಬದಲಿಸಿದಾಗ ಊಟಕ್ಕೆ ಒಂದು ತಾಸು ಮೊದಲು ಇಲ್ಲವೇ ಒಂದು ತಾಸು ನಂತರ. ರೊಟ್ಟಿಯ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ.

ಇಲ್ಲೇ ದೊಡ್ಡ ಅಪಾಯವಿದೆ. ರೋಗಿ ಅನುಮಾನದ ಮೇಲೆ ಟಿ.ಬಿ. ಗುಳಿಗೆ ನುಂಗುತ್ತಿದ್ದರೆ ಅದರಲ್ಲಿನ ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಕೆರಳಿಸಿ ವೊರಿಕೊನಜೋಲನ್ನು ರಕ್ತದಲ್ಲಿ ಉಳಿಯಗೊಡುವುದಿಲ್ಲ. ಎರಡನ್ನೂ ಜೊತೆಗೆ ಕೊಡಲೇಬಾರದು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರುತ್ತದೆ. ಅದಕ್ಕೇ ಔಷಧದ ಮಟ್ಟ ಅಳೆಯಿಸುತ್ತೇನೆ: ಮುಂದಿನ ಡೋಸಿಗೆ ಮೊದಲು ತೆಗೆದ ರಕ್ತದಲ್ಲಿ ಮಿ.ಲೀ.ಗೆ 1ರಿಂದ 5.5 ಮೈಕ್ರೋಗ್ರಾಂ ಇರಬೇಕು.

ಲಿವರ್ ಪರೀಕ್ಷೆ ಆಗಾಗ. ಈ ಔಷಧದಲ್ಲಿ ಬಿಸಿಲಿಗೆ ಚರ್ಮ ಸುಡುತ್ತದೆ. ಹೊಲದ ಕೆಲಸದವರಿಗೆ ತುಂಬುತೋಳಿನ ಅಂಗಿ, ತಲೆಗೆ ರುಮಾಲು ಕಡ್ಡಾಯ ಎಂದು ಮನೆಯವರ ಮುಂದೆಯೇ ಹೇಳುತ್ತೇನೆ. ಕಾಲಿನ ಬಲ ಕುಂದಿದರೆ, ಮಣಿ ಕುಸಿದರೆ, ಔಷಧಕ್ಕೆ ಬಗ್ಗದಿದ್ದರೆ ಆಪರೇಷನ್.

ವೊರಿಕೊನಜೋಲ್ ಎಂಟು ವಾರ ಕನಿಷ್ಠ, ಹೆಚ್ಚಿನವರಿಗೆ ಆರು ತಿಂಗಳು ದಾಟುತ್ತದೆ. ನೋವು ಹೋಯಿತೆಂದು ಗುಳಿಗೆ ನಿಲ್ಲಿಸುವುದಿಲ್ಲ. ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಅಂಶ) ಇಳಿದು, ಎಂಆರ್‌ಐನಲ್ಲಿ ಮೂಳೆ ಸುಧಾರಿಸಿದ್ದು ಕಂಡ ಮೇಲೆ ಮಾತ್ರ.